ಟೊಫಾಸಿಟಿನಿಬ್ ಪ್ರಕರಣ: ಒಂದು ಮಾತ್ರೆಗೆ ಕಪ್ಪು ಚೌಕಟ್ಟು ಬಿದ್ದ ಬಗೆ

ನಮ್ಮ ಚಿಕ್ಕಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಶುರುವಾಗಿ ಹನ್ನೊಂದು ವರ್ಷ ಆಯಿತು. ಊರಲ್ಲಿ ಎಲ್ಲರೂ ಸಂಧಿವಾತ ಅನ್ನುತ್ತಾರೆ. ವಯಸ್ಸಾಗಿ ಮಂಡಿ ಸವೆದು ಬರುವ ನೋವು ಬೇರೆ, ಇದು ಬೇರೆ. ಬೆಳಿಗ್ಗೆ ಏಳುವಾಗ ಬೆರಳುಗಳು ಬಿಗಿದುಕೊಂಡಿರುತ್ತವೆ, ಬಿಸಿಲೇರುವ ತನಕ ಸಡಿಲ ಆಗುವುದಿಲ್ಲ. ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ಮೂವತ್ತು ವರ್ಷ ದಿನಾ ಮುದ್ದೆ ತೊಳಸಿದ ಕೈಗೆ ಕಾಫಿ ಲೋಟ ಹಿಡಿಯುವುದೂ ಕಷ್ಟವಾಯಿತು. ಮೊದಲು ಮೆಥೊಟ್ರೆಕ್ಸೇಟ್ ಕೊಟ್ಟರು. ಒಂದಷ್ಟು ವರ್ಷ ಕೇಳಿತು, ಆಮೇಲೆ ಕೇಳಲಿಲ್ಲ. ಅದರ ಜೊತೆಗೆ ಟೊಫಾಸಿಟಿನಿಬ್ ಎಂಬ ಮಾತ್ರೆ ಸೇರಿಸಿದರು. ಒಂದು ತಿಂಗಳೊಳಗೆ ಚಿಕ್ಕಮ್ಮ ಮತ್ತೆ ಮುದ್ದೆ ಕಟ್ಟಿದರು.

ಎರಡು ವರ್ಷ ಚೆನ್ನಾಗಿಯೇ ಇದ್ದರು. ಒಂದು ದಿನ ಅವರ ಮಗ ಮೊಬೈಲಿನಲ್ಲಿ ಏನೋ ಓದಿ, “ಅಮ್ಮ, ಈ ಮಾತ್ರೆಯಿಂದ ಕ್ಯಾನ್ಸರ್ ಬರುತ್ತಂತೆ” ಅಂದ. ಚಿಕ್ಕಮ್ಮ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟರು. ಮೂರು ವಾರಕ್ಕೆ ಕೀಲುಗಳು ಮತ್ತೆ ಊದಿಕೊಂಡವು. ಪಕ್ಕದ ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಮಾತ್ರೆ ತರಿಸಿ ನುಂಗತೊಡಗಿದರು. ನನಗೆ ಗೊತ್ತಾಗಿದ್ದು ಆಗಲೇ.

ನಾನು ಫಾರ್ಮಸಿ ಓದಿದವಳು. ಮಗ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ ಎಂದು ಗೊತ್ತಿತ್ತು. ಅವನ ಮಾತಿನ ಹಿಂದೆ ಒಂದು ದೊಡ್ಡ ಪ್ರಯೋಗ ಇದೆ. 4,362 ರೋಗಿಗಳು, ಆರು ವರ್ಷ. ಆ ಪ್ರಯೋಗದಲ್ಲಿ ಏನಾಯಿತು, ಅದರಿಂದ ಯಾರಿಗೆ ಏನು ಗೊತ್ತಾಗುತ್ತದೆ ಎಂದು ಚಿಕ್ಕಮ್ಮನಿಗೆ ವಿವರಿಸಲು ಕೂತಾಗ ಬರೆದಿಟ್ಟುಕೊಂಡದ್ದೇ ಈ ಬರಹ.

ಜೀವಕೋಶದ ಒಳಗಿನ ಅಂಚೆ

ಟೊಫಾಸಿಟಿನಿಬ್ ಕೈನೇಸ್ ತಡೆಯುವ ಮಾತ್ರೆ. ಕೈನೇಸ್ ಅಂದರೆ ಒಂದು ಬಗೆಯ ಕಿಣ್ವ. ಫಾಸ್ಫೇಟ್ ಎಂಬ ಪುಟ್ಟ ತುಣುಕನ್ನು ತಂದು ಬೇರೊಂದು ಪ್ರೋಟೀನಿಗೆ ಅಂಟಿಸುವುದು ಅದರ ಕೆಲಸ. ಅಂಟಿಸಿದ ಕೂಡಲೇ ಆ ಪ್ರೋಟೀನು ಎಚ್ಚರಗೊಳ್ಳುತ್ತದೆ, ಇಲ್ಲವೇ ಸುಮ್ಮನಾಗುತ್ತದೆ. ನಮ್ಮ ಮೈಯಲ್ಲಿ ಇಂಥ ಕೈನೇಸ್‌ಗಳು ಐನೂರಕ್ಕೂ ಜಾಸ್ತಿ ಇವೆ. ಕೋಶ ಬೆಳೆಯಬೇಕೇ, ಒಡೆದು ಎರಡಾಗಬೇಕೇ, ಉರಿಯೂತ ಎಬ್ಬಿಸಬೇಕೇ ಎಂಬ ಸುದ್ದಿಯೆಲ್ಲ ಇವುಗಳ ಕೈಯಿಂದ ಕೈಗೆ ದಾಟುತ್ತದೆ.

ಕ್ಯಾನ್ಸರಿನಲ್ಲಿ ಎಷ್ಟೋ ಸಲ ಇಂಥದೊಂದು ಕೈನೇಸ್ ಕೆಟ್ಟು, ನಿಲ್ಲದೆ “ಬೆಳೆ, ಬೆಳೆ” ಎಂಬ ಸುದ್ದಿ ಕಳಿಸುತ್ತಲೇ ಇರುತ್ತದೆ. ಅದನ್ನು ತಡೆಯುವ ಮಾತ್ರೆಗಳಲ್ಲಿ ಎಲ್ಲರಿಗಿಂತ ಹೆಸರಾದದ್ದು ಇಮಾಟಿನಿಬ್. ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಕೆಲವೇ ವರ್ಷ ಬದುಕುತ್ತಾರೆ ಅಂದುಕೊಂಡಿದ್ದ ರೋಗಿಗಳು ದಿನಾ ಮಾತ್ರೆ ನುಂಗಿಕೊಂಡು ಮೊಮ್ಮಕ್ಕಳನ್ನು ನೋಡಿದರು.

ಸಂಧಿವಾತದಲ್ಲಿ ಕೈನೇಸ್ ಕೆಟ್ಟಿರುವುದಿಲ್ಲ. ಅಲ್ಲಿ ನಮ್ಮನ್ನು ಕಾಯಬೇಕಾದ ರಕ್ಷಣಾ ಕೋಶಗಳೇ ನಮ್ಮ ಕೀಲುಗಳ ಮೇಲೆ ತಿರುಗಿಬೀಳುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಈ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸೈಟೊಕೈನ್ ಎಂಬ ಪದಾರ್ಥಗಳನ್ನು ಬಿಡುತ್ತವೆ. ಸೈಟೊಕೈನ್ ಬಂದು ಕೋಶದ ಹೊರಬಾಗಿಲು ತಟ್ಟುತ್ತದೆ. ಬಾಗಿಲ ಒಳಗೆ ನಿಂತು ಅದನ್ನು ಕೇಳಿಸಿಕೊಳ್ಳುವುದು ಜಾಕ್ ಎಂಬ ಕೈನೇಸ್. ಅದು ಸ್ಟ್ಯಾಟ್ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಸ್ಟ್ಯಾಟ್ ಕೋಶದ ನಡುಮನೆಗೆ ಓಡಿ, ಯಾವ ಜೀನ್ ಕೆಲಸ ಮಾಡಬೇಕು ಎಂದು ಹೇಳುತ್ತದೆ.

ಜಾಕ್ ಎಂಬ ಹೆಸರು ಮೊದಲು ಬಂದದ್ದು “ಜಸ್ಟ್ ಅನದರ್ ಕೈನೇಸ್” ಎಂಬುದರಿಂದ. ಇದೂ ಒಂದು ಕೈನೇಸ್, ಅಷ್ಟೇ ಎಂದು ಅರ್ಥ. ಆಮೇಲೆ ಅದರ ಮಹತ್ವ ಗೊತ್ತಾದಾಗ, ಎರಡು ಮುಖದ ರೋಮನ್ ದೇವರು ಜಾನಸ್‌ನ ಹೆಸರನ್ನು ಅದಕ್ಕೆ ಕೊಟ್ಟರು. ಈ ಮನೆತನದಲ್ಲಿ ನಾಲ್ಕೇ ಜನ: ಜಾಕ್ 1, ಜಾಕ್ 2, ಜಾಕ್ 3 ಮತ್ತು ಟಿಕ್ 2. ನಾಲ್ಕೇ ಇದ್ದರೂ ಹತ್ತಾರು ಸೈಟೊಕೈನ್‌ಗಳ ಸುದ್ದಿ ಇವುಗಳ ಮೂಲಕವೇ ಹೋಗಬೇಕು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಆದದ್ದಕ್ಕೆಲ್ಲ ಇದೇ ಬುಡ.

1990ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಜಾನ್ ಓಶೇ ಎಂಬ ವೈದ್ಯ ವಿಜ್ಞಾನಿ ಜಾಕ್ 3ರ ಬೆನ್ನು ಹತ್ತಿದ್ದರು. ಹುಟ್ಟುವಾಗಲೇ ಜಾಕ್ 3 ಕೆಟ್ಟಿರುವ ಮಕ್ಕಳಿಗೆ ರೋಗ ತಡೆಯುವ ಶಕ್ತಿಯೇ ಇರುವುದಿಲ್ಲ ಎಂಬುದು 1995ರಲ್ಲಿ ಗೊತ್ತಾಯಿತು. ಎದೆ ಹಿಂಡುವ ಕಾಯಿಲೆ ಅದು. ಆದರೆ ಅದರಲ್ಲೇ ಒಂದು ಸುಳಿವೂ ಇತ್ತು. ಜಾಕ್ 3 ಇಲ್ಲದಿದ್ದರೆ ರಕ್ಷಣಾ ಪಡೆ ಏಳುವುದೇ ಇಲ್ಲ ಎಂದಾದರೆ, ಅದನ್ನು ಸ್ವಲ್ಪ ತಡೆದು ಹಿಡಿದರೆ ತಪ್ಪು ದಾರಿ ಹಿಡಿದ ಪಡೆಯನ್ನು ಹದ್ದುಬಸ್ತಿಗೆ ತರಬಹುದಲ್ವಾ? ಫೈಜರ್ ಕಂಪನಿ ಓಶೇ ಅವರ ಜೊತೆ ಕೈ ಸೇರಿಸಿತು. ಹುಟ್ಟಿದ್ದು ಟೊಫಾಸಿಟಿನಿಬ್. 2003ರಲ್ಲಿ ಅದರ ಬಗ್ಗೆ ಮೊದಲ ದೊಡ್ಡ ವರದಿ ಬಂದಾಗ ಮಾತೆಲ್ಲ ಕಿಡ್ನಿ ಕಸಿಯದ್ದು, ಪ್ರಯೋಗ ಕೋತಿಗಳ ಮೇಲೆ. ಸಂಧಿವಾತದ ಕಡೆ ಹೊರಳಿದ್ದು ಆಮೇಲೆ. ಜಾಕ್ 3ಕ್ಕೆಂದು ಮಾಡಿದ ಮಾತ್ರೆ ಜಾಕ್ 1ನ್ನೂ ಚೆನ್ನಾಗಿಯೇ ತಡೆಯುತ್ತದೆ, ಜಾಕ್ 2ನ್ನೂ ಸ್ವಲ್ಪ ಮುಟ್ಟುತ್ತದೆ ಎಂಬುದೂ ತಿಳಿಯಿತು.

2012ರ ನವೆಂಬರ್ 6ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. ಪ್ರಮಾಣ 5 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಅಲ್ಲಿಯವರೆಗೆ ಮೆಥೊಟ್ರೆಕ್ಸೇಟ್ ಕೇಳದವರಿಗೆ ಟಿಎನ್‌ಎಫ್ ಎಂಬ ಸೈಟೊಕೈನನ್ನು ತಡೆಯುವ ಇಂಜೆಕ್ಷನ್‌ಗಳೇ ಮುಖ್ಯ ದಾರಿಯಾಗಿದ್ದವು. ವಾರಕ್ಕೋ ಹದಿನೈದು ದಿನಕ್ಕೋ ಚುಚ್ಚಿಸಿಕೊಳ್ಳಬೇಕು, ಫ್ರಿಜ್ಜಿನಲ್ಲಿ ಇಡಬೇಕು. ಅಷ್ಟೇ ಕೆಲಸ ಮಾಡುವ ಒಂದು ಸಣ್ಣ ಮಾತ್ರೆ ಬಂತು ಅಂದರೆ ರೋಗಿಗಳಿಗೆ ಎಷ್ಟು ಸಮಾಧಾನ ಆಗಿರಬೇಕು!

ಒಪ್ಪಿಗೆಯ ಜೊತೆ ಬಂದ ಷರತ್ತು

ಎಫ್‌ಡಿಎ ಸುಮ್ನೆ ಸಹಿ ಹಾಕಿ ಕಳಿಸಲಿಲ್ಲ. ಅದಕ್ಕೂ ಮೊದಲಿನ ಪ್ರಯೋಗಗಳಲ್ಲಿ ಕೆಲವು ಸಂಗತಿಗಳು ಕಣ್ಣಿಗೆ ಬಿದ್ದಿದ್ದವು. ಸೋಂಕುಗಳು ಬರುತ್ತಿದ್ದವು. ಕೊಲೆಸ್ಟರಾಲ್ ಏರುತ್ತಿತ್ತು. ಅಲ್ಲೊಂದು ಇಲ್ಲೊಂದು ಲಿಂಫೋಮಾ ಎಂಬ ಕ್ಯಾನ್ಸರ್ ಕಾಣಿಸಿತ್ತು. ಯುರೋಪಿನ ಔಷಧ ಸಂಸ್ಥೆಯಂತೂ 2013ರಲ್ಲಿ ಈ ಮಾತ್ರೆ ಬೇಡ ಎಂದೇ ಹೇಳಿತು. ಅಲ್ಲಿ ಒಪ್ಪಿಗೆ ಸಿಕ್ಕಿದ್ದು 2017ರಲ್ಲಿ.

ಅಮೆರಿಕ ಬೇರೆ ದಾರಿ ಹಿಡಿಯಿತು. ಮಾತ್ರೆ ಮಾರಿ, ಆದರೆ ಹೃದಯ ಮತ್ತು ಕ್ಯಾನ್ಸರಿನ ವಿಷಯದಲ್ಲಿ ದೊಡ್ಡ ಪ್ರಯೋಗವೊಂದನ್ನು ಮಾಡಲೇಬೇಕು ಎಂದು ಫೈಜರ್‌ಗೆ ಷರತ್ತು ಹಾಕಿತು. ಈ ಪ್ರಕರಣದಲ್ಲಿ ನಾನು ತುಂಬಾ ಮೆಚ್ಚುವ ತೀರ್ಮಾನ ಇದು. ಮಾರುಕಟ್ಟೆಗೆ ಬರುವ ಮುಂಚಿನ ಪ್ರಯೋಗಗಳು ಆರು ತಿಂಗಳು, ಒಂದು ವರ್ಷ, ಹೆಚ್ಚೆಂದರೆ ಎರಡು ವರ್ಷ ನಡೆಯುತ್ತವೆ. ಕೀಲು ಊತ ಇಳಿಯಿತಾ ಎಂದು ನೋಡಲು ಅಷ್ಟು ಸಾಕು. ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ನಾಲ್ಕು ವರ್ಷದಲ್ಲಿ ಬರುವ ತೊಂದರೆಯನ್ನು ಹಿಡಿಯಲು ಸಾಲದು. ಮಾರುಕಟ್ಟೆಗೆ ಬಂದ ಮೇಲೆ ವೈದ್ಯರು ಒಬ್ಬೊಬ್ಬರಾಗಿ ಬರೆದು ಕಳಿಸುವ ದೂರುಗಳಿಂದಲೂ ಇದು ತಿಳಿಯುವುದಿಲ್ಲ. ಅರವತ್ತು ದಾಟಿದ, ಸಿಗರೇಟು ಸೇದುವ ಸಂಧಿವಾತದ ರೋಗಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದರೆ ಮಾತ್ರೆಯ ಮೇಲೆ ಯಾರಿಗೆ ತಾನೇ ಅನುಮಾನ ಬರುತ್ತದೆ? ಹೋಲಿಸಿ ನೋಡಲು ಇನ್ನೊಂದು ಗುಂಪು ಬೇಕೇ ಬೇಕು.

ಓರಲ್ ಸರ್ವೇಲೆನ್ಸ್ ಎಂಬ ಆ ಪ್ರಯೋಗ 2014ರಲ್ಲಿ ಶುರುವಾಗಿ 2020ರಲ್ಲಿ ಮುಗಿಯಿತು. ಸೇರಬೇಕಾದರೆ ವಯಸ್ಸು ಕನಿಷ್ಠ 50 ಆಗಿರಬೇಕು. ಹೃದಯಕ್ಕೆ ಅಪಾಯ ತರುವ ಒಂದಾದರೂ ಅಂಶ ಇರಬೇಕು: ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಕೊಲೆಸ್ಟರಾಲ್, ಮನೆತನದಲ್ಲಿ ಹೃದಯದ ಕಾಯಿಲೆ, ಇಂಥವು. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದೂ ಕಾಯಿಲೆ ಹತೋಟಿಗೆ ಬಂದಿರಬಾರದು. ಬೇಕೆಂದೇ ಅಪಾಯ ಜಾಸ್ತಿ ಇರುವವರನ್ನು ಆರಿಸಿದ್ದು. ತೊಂದರೆ ಇದ್ದರೆ ಇವರಲ್ಲೇ ಬೇಗ ಕಾಣಬೇಕು ಎಂಬ ಲೆಕ್ಕ. ಸರಾಸರಿ ವಯಸ್ಸು 61. ಹತ್ತಿರಹತ್ತಿರ ಅರ್ಧದಷ್ಟು ಜನ ಸಿಗರೇಟು ಸೇದುತ್ತಿದ್ದವರು ಅಥವಾ ಹಿಂದೆ ಸೇದಿದ್ದವರು.

ಮೂರು ಗುಂಪು ಮಾಡಿದರು. ಒಂದಕ್ಕೆ ಟೊಫಾಸಿಟಿನಿಬ್ 5 ಮಿಲಿಗ್ರಾಂ ದಿನಕ್ಕೆರಡು ಸಲ, 1,455 ಜನ. ಇನ್ನೊಂದಕ್ಕೆ 10 ಮಿಲಿಗ್ರಾಂ ದಿನಕ್ಕೆರಡು ಸಲ, 1,456 ಜನ. ಮೂರನೆಯದಕ್ಕೆ ಟಿಎನ್‌ಎಫ್ ಇಂಜೆಕ್ಷನ್, 1,451 ಜನ. ಉತ್ತರ ಅಮೆರಿಕದಲ್ಲಾದರೆ ಅಡಾಲಿಮುಮಾಬ್, ಉಳಿದ ಕಡೆ ಎಟನರ್ಸೆಪ್ಟ್. ಬರೀ ಸಕ್ಕರೆ ಗುಳಿಗೆ ಕೊಟ್ಟ ಗುಂಪು ಇರಲಿಲ್ಲ. ಕೀಲು ಊದಿ ಅಳುವವರಿಗೆ ನಾಲ್ಕು ವರ್ಷ ಏನೂ ಕೊಡದೆ ಕೂರಿಸುವುದು ಸರಿಯಲ್ಲ. ಹಾಗಾಗಿ ಈ ಪ್ರಯೋಗ ಕೇಳಿದ ಪ್ರಶ್ನೆ ಇಷ್ಟೇ: ಟಿಎನ್‌ಎಫ್ ಇಂಜೆಕ್ಷನ್‌ಗೆ ಹೋಲಿಸಿದರೆ ಈ ಮಾತ್ರೆ ಎಷ್ಟು ಸುರಕ್ಷಿತ?

2019ರ ಫೆಬ್ರವರಿ

ಇಂಥ ಪ್ರಯೋಗಗಳಲ್ಲಿ ಕಂಪನಿಗೆ ಸೇರದ ತಜ್ಞರ ಸಮಿತಿಯೊಂದು ಇರುತ್ತದೆ. ನಡುನಡುವೆ ಅಂಕಿಗಳನ್ನು ನೋಡುತ್ತಾ ಇರುವುದೇ ಅವರ ಕೆಲಸ. 2019ರ ಫೆಬ್ರವರಿಯಲ್ಲಿ ಆ ಸಮಿತಿ ಎಚ್ಚರಿಸಿತು. 10 ಮಿಲಿಗ್ರಾಂ ಗುಂಪಿನಲ್ಲಿ ಶ್ವಾಸಕೋಶದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಜಾಸ್ತಿಯಾಗಿತ್ತು, ಸಾವುಗಳೂ ಜಾಸ್ತಿಯಾಗಿದ್ದವು.

ಅದೇ ವರ್ಷ ಜುಲೈನಲ್ಲಿ ಎಫ್‌ಡಿಎ ಅಂಕಿಗಳನ್ನು ಹೊರಗೆ ಹಾಕಿತು. 10 ಮಿಲಿಗ್ರಾಂ ಗುಂಪಿನಲ್ಲಿ 3,884 ರೋಗಿವರ್ಷಗಳಲ್ಲಿ 19 ಜನರಿಗೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಟಿಎನ್‌ಎಫ್ ಗುಂಪಿನಲ್ಲಿ 3,982 ರೋಗಿವರ್ಷಗಳಲ್ಲಿ ಮೂವರಿಗೆ. ಸಾವುಗಳು 45 ಮತ್ತು 25. ರೋಗಿವರ್ಷ ಅಂದರೆ ಒಬ್ಬ ರೋಗಿ ಒಂದು ವರ್ಷ ಔಷಧ ತೆಗೆದುಕೊಂಡಷ್ಟು ಕಾಲ. ಹತ್ತು ಜನ ಒಂದು ವರ್ಷ ತೆಗೆದುಕೊಂಡರೂ ಹತ್ತು, ಇಬ್ಬರು ಐದು ವರ್ಷ ತೆಗೆದುಕೊಂಡರೂ ಹತ್ತು.

10 ಮಿಲಿಗ್ರಾಂ ಗುಂಪಿನವರನ್ನೆಲ್ಲ 5ಕ್ಕೆ ಇಳಿಸಿದರು. ಪ್ರಯೋಗ ಮುಂದುವರಿಯಿತು.

ಇಲ್ಲಿ ಚಿಕ್ಕಮ್ಮನ ವಿಷಯ ಒಂದು ಹೇಳಬೇಕು. ಮಾತಿನ ನಡುವೆ ಅವರು ಸಹಜವಾಗಿ, “ನೋವು ಜಾಸ್ತಿ ಇದ್ದ ದಿನ ಎರಡೆರಡು ನುಂಗ್ತಿದ್ದೆ ಕಣೇ” ಅಂದರು. ತಲೆನೋವಿನ ಮಾತ್ರೆಯ ಹಾಗೆ ಅಂದುಕೊಂಡಿದ್ದಾರೆ. ಡಾಕ್ಟರಿಗೆ ಹೇಳಿರಲಿಲ್ಲ. ಅಂದರೆ ಆ ದಿನಗಳಲ್ಲಿ ಅವರು ತಾವಾಗಿಯೇ ಈ ಎರಡನೇ ಗುಂಪಿಗೆ ಸೇರಿದ್ದರು. ಈ ಮಾತ್ರೆ ನೋವು ನಿವಾರಕ ಅಲ್ಲ. ಇವತ್ತು ಎರಡು ನುಂಗಿದರೆ ಇವತ್ತಿನ ನೋವು ಇಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ಹೀಗೆ ಮಾಡುವವರು ಇವರೊಬ್ಬರೇ ಅಲ್ಲ ಎಂದು ಗೊತ್ತಿರುವುದರಿಂದಲೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಕೊನೆಗೆ ಸಿಕ್ಕ ಲೆಕ್ಕ

ಪೂರ್ತಿ ವರದಿ 2022ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ರೋಗಿಗಳನ್ನು ನಡುಸರಾಸರಿ ನಾಲ್ಕು ವರ್ಷ ಗಮನಿಸಿದ್ದರು.

ಮೊದಲು ಹೃದಯ. ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾರಣದ ಸಾವು, ಮೂರನ್ನೂ ಸೇರಿಸಿ ಎಣಿಸಿದರು. ಮಾತ್ರೆಯ ಎರಡು ಗುಂಪು ಸೇರಿ 98 ಜನ, ಅಂದರೆ ನೂರಕ್ಕೆ 3.4. ಟಿಎನ್‌ಎಫ್ ಗುಂಪಿನಲ್ಲಿ 37 ಜನ, ನೂರಕ್ಕೆ 2.5. ಅಪಾಯದ ಅನುಪಾತ 1.33, ಅಂದರೆ ಮಾತ್ರೆಯವರ ಅಪಾಯ ಇಂಜೆಕ್ಷನ್‌ನವರ 1.33 ಪಟ್ಟು. ಅನುಪಾತ ಒಂದು ಇದ್ದರೆ ಎರಡೂ ಸಮ. ಆದರೆ ಇಂಥ ಲೆಕ್ಕದಲ್ಲಿ ಒಂದೇ ಅಂಕಿಯನ್ನು ನಂಬಿ ಕೂರುವಂತಿಲ್ಲ. ನಿಜವಾದ ಅನುಪಾತ 0.91ರಿಂದ 1.94ರ ನಡುವೆ ಎಲ್ಲಾದರೂ ಇರಬಹುದು. ಮೇಲಿನ ತುದಿ 1.8 ಮೀರಬಾರದು ಎಂದು ಪ್ರಯೋಗ ಶುರುವಾಗುವ ಮುಂಚೆಯೇ ಗೆರೆ ಎಳೆದಿದ್ದರು. ಮೀರಿತು. ಮಾತ್ರೆ ಹೃದಯಕ್ಕೆ ಕೆಟ್ಟದ್ದು ಎಂದು ಇದರಿಂದ ಸಾಬೀತಾಗಲಿಲ್ಲ. ಇಂಜೆಕ್ಷನ್‌ಗಿಂತ ಕಡೆಯಲ್ಲ ಎಂದು ತೋರಿಸಲು ಮಾತ್ರ ಆಗಲಿಲ್ಲ. ಈ ಎರಡು ಮಾತಿಗೆ ತುಂಬಾ ವ್ಯತ್ಯಾಸ ಇದೆ. ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳಲ್ಲಿ ಆ ವ್ಯತ್ಯಾಸ ಉಳಿಯುವುದಿಲ್ಲ.

ಇನ್ನು ಕ್ಯಾನ್ಸರ್. ಸಾಮಾನ್ಯ ಚರ್ಮದ ಕ್ಯಾನ್ಸರುಗಳನ್ನು ಬಿಟ್ಟು ಎಣಿಸಿದಾಗ ಮಾತ್ರೆಯ ಗುಂಪುಗಳಲ್ಲಿ 122 ಜನ, ನೂರಕ್ಕೆ 4.2. ಟಿಎನ್‌ಎಫ್ ಗುಂಪಿನಲ್ಲಿ 42 ಜನ, ನೂರಕ್ಕೆ 2.9. ಅನುಪಾತ 1.48, ಹರವು 1.04ರಿಂದ 2.09. ಕೆಳಗಿನ ತುದಿಯೂ ಒಂದನ್ನು ದಾಟಿದೆ. ಹಾಗಾಗಿ ಇದನ್ನು ಆಕಸ್ಮಿಕ ಎಂದು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಮಾತ್ರೆ ತೆಗೆದುಕೊಂಡವರಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡದ್ದು ಶ್ವಾಸಕೋಶದ ಕ್ಯಾನ್ಸರ್.

ಅನುಪಾತದ ಭಾಷೆ ಚಿಕ್ಕಮ್ಮನಿಗೆ ಅರ್ಥ ಆಗಲಿಲ್ಲ. ಆಗಬೇಕೆಂದೂ ಇಲ್ಲ. ಅವರಿಗೆ ಹೇಳಿದ್ದು ವರದಿಯಲ್ಲೇ ಇರುವ ಇನ್ನೊಂದು ಲೆಕ್ಕ. 5 ಮಿಲಿಗ್ರಾಂ ತೆಗೆದುಕೊಳ್ಳುವವರಲ್ಲಿ, ಇಂಜೆಕ್ಷನ್ ಗುಂಪಿಗಿಂತ ಒಂದು ಕ್ಯಾನ್ಸರ್ ಹೆಚ್ಚಾಗಲು 276 ರೋಗಿವರ್ಷ ಬೇಕು. ನಿಮ್ಮಂಥ ಐವತ್ತೈದು ಜನ ಐದು ವರ್ಷ ನುಂಗಿದರೆ, ಇಂಜೆಕ್ಷನ್ ತೆಗೆದುಕೊಂಡಿದ್ದರೆ ಬರದೇ ಇರುತ್ತಿದ್ದ ಕ್ಯಾನ್ಸರ್ ಒಬ್ಬರಿಗೆ ಬರುತ್ತದೆ ಎಂದು ಹೇಳಿದೆ. ಹೃದಯದ ತೊಂದರೆಗೆ ಅದೇ ಲೆಕ್ಕ 567 ರೋಗಿವರ್ಷ, ಅಂದರೆ ಸುಮಾರು ನೂರಹದಿಮೂರು ಜನ ಐದು ವರ್ಷ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಐವತ್ತೈದರಲ್ಲಿ ಒಬ್ಬರು ಅಂದ್ರೆ ಕಮ್ಮಿ ಏನಲ್ಲ” ಅಂದರು. ನಿಜ. ಕಮ್ಮಿ ಏನಲ್ಲ. ಬಂದೇ ಬರುತ್ತದೆ ಎಂಬಷ್ಟೂ ಅಲ್ಲ.

ಈ ಅಂಕಿಗಳಲ್ಲಿ ನನ್ನ ಗಮನ ಸೆಳೆದದ್ದು ಇನ್ನೊಂದು. 10 ಮಿಲಿಗ್ರಾಂ ಗುಂಪಿನಲ್ಲಿ ಕ್ಯಾನ್ಸರಿನ ಲೆಕ್ಕ 275 ರೋಗಿವರ್ಷ. 276 ಮತ್ತು 275, ಎರಡೂ ಒಂದೇ ಅನ್ನಬಹುದು. ರಕ್ತ ಹೆಪ್ಪುಗಟ್ಟುವುದು 10 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಜಾಸ್ತಿ ಇತ್ತು. ಹೃದಯದ ತೊಂದರೆಯೂ ಹಾಗೆ: 10 ಮಿಲಿಗ್ರಾಂನಲ್ಲಿ 319 ರೋಗಿವರ್ಷಕ್ಕೇ ಒಂದು. ಕ್ಯಾನ್ಸರ್ ಮಾತ್ರ ಪ್ರಮಾಣ ನೋಡಿ ಏರಿಳಿಯಲಿಲ್ಲ. ಹಾಗಾದರೆ 5ಕ್ಕೆ ಇಳಿಸಿದೆವು, ಇನ್ನು ಚಿಂತೆ ಇಲ್ಲ ಎಂದು ಹೇಳುವಂತಿಲ್ಲ.

ಯಾಕೆ ಹೀಗಾಯಿತು? ಎರಡು ಊಹೆಗಳಿವೆ. ಮೊದಲೇ ಹೇಳಿದ ಹಾಗೆ ಜಾಕ್ ಹತ್ತಾರು ಸೈಟೊಕೈನ್‌ಗಳ ಬಾಗಿಲು ಕಾಯುತ್ತದೆ. ಕೀಲು ಊದಿಸುವ ಸುದ್ದಿಯೂ ಅದರ ಮೂಲಕವೇ ಹೋಗುತ್ತದೆ, ಹೊಸದಾಗಿ ಕೆಟ್ಟ ಕೋಶಗಳನ್ನು ಹುಡುಕಿ ಕೊಲ್ಲುವ ಕಾವಲು ಕೋಶಗಳನ್ನು ಎಬ್ಬಿಸುವ ಸುದ್ದಿಯೂ ಅಲ್ಲಿಂದಲೇ ಹೋಗುತ್ತದೆ. ಬಾಗಿಲು ಅರ್ಧ ಮುಚ್ಚಿದರೆ ಎರಡೂ ತಡೆಯುತ್ತವೆ. ಸಿಗರೇಟಿನಿಂದ ಈಗಾಗಲೇ ಕೆಟ್ಟಿರುವ ಶ್ವಾಸಕೋಶದಲ್ಲಿ ಕಾವಲು ಸಡಿಲವಾದರೆ ಏನಾಗಬಹುದು ಎಂದು ಊಹಿಸುವುದು ಕಷ್ಟವಲ್ಲ. ಇನ್ನೊಂದು ಊಹೆ, ಮಾತ್ರೆ ಅಪಾಯವನ್ನು ಏರಿಸುತ್ತಿಲ್ಲ, ಟಿಎನ್‌ಎಫ್ ಇಂಜೆಕ್ಷನ್ ಅಪಾಯವನ್ನು ಇಳಿಸುತ್ತಿದೆ ಎಂಬುದು. ಹೃದಯದ ವಿಷಯದಲ್ಲಿ ಇದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಹತೋಟಿಗೆ ಬಾರದ ಸಂಧಿವಾತವೇ ರಕ್ತನಾಳಗಳನ್ನು ಕೆಡಿಸುತ್ತದೆ, ಉರಿಯೂತ ಇಳಿಸಿದರೆ ಹೃದಯಕ್ಕೂ ಒಳ್ಳೆಯದು. ಏನೂ ಕೊಡದ ಗುಂಪು ಇಲ್ಲದ್ದರಿಂದ ಈ ಎರಡರಲ್ಲಿ ಯಾವುದು ಸರಿ ಎಂದು ಈ ಪ್ರಯೋಗವೊಂದರಿಂದಲೇ ತೀರ್ಮಾನಿಸಲು ಬರುವುದಿಲ್ಲ.

ಅದೇ ವರದಿಯನ್ನು ಆಮೇಲೆ ವಯಸ್ಸು ಮತ್ತು ಧೂಮಪಾನದ ಪ್ರಕಾರ ಬಿಡಿಸಿ ನೋಡಿದರು. ಹೆಚ್ಚಿನ ಅಪಾಯವೆಲ್ಲ 65 ದಾಟಿದವರಲ್ಲಿ ಮತ್ತು ಸಿಗರೇಟು ಸೇದುವ ಅಥವಾ ಸೇದಿದ್ದವರಲ್ಲಿ ಗುಂಪುಗೂಡಿತ್ತು. ಅಮೆರಿಕದಲ್ಲಿ ವಿಮೆಯ ದಾಖಲೆಗಳಿಂದ ಒಂದು ಲಕ್ಷಕ್ಕೂ ಹೆಚ್ಚು ಸಂಧಿವಾತದ ರೋಗಿಗಳನ್ನು ನೋಡಿದ ಇನ್ನೊಂದು ಅಧ್ಯಯನವೂ ಬಂತು. ಎಲ್ಲರನ್ನೂ ಸೇರಿಸಿದಾಗ ಹೃದಯದ ಅನುಪಾತ 1.01, ಅಂದರೆ ವ್ಯತ್ಯಾಸವೇ ಇಲ್ಲ. ಪ್ರಯೋಗದಲ್ಲಿದ್ದಂಥವರನ್ನು, ಅಂದರೆ ವಯಸ್ಸಾದ, ಹೃದಯದ ಅಪಾಯ ಇರುವವರನ್ನು ಮಾತ್ರ ಆರಿಸಿ ನೋಡಿದಾಗ 1.24. ಇದರ ಹರವು ದೊಡ್ಡದು, ಖಚಿತ ಅನ್ನುವಂತಿಲ್ಲ. ಆದರೆ ಬೆರಳು ತೋರಿಸುತ್ತಿರುವುದು ಅದೇ ಕಡೆಗೆ. ಮಾತ್ರೆ ಒಂದೇ. ನುಂಗುವವರು ಯಾರು ಎಂಬುದರ ಮೇಲೆ ಅಪಾಯ ಬದಲಾಗುತ್ತದೆ.

ಒಂದು ಮಾತ್ರೆಯ ತಪ್ಪಿಗೆ ಇಡೀ ಮನೆತನಕ್ಕೆ ಚೌಕಟ್ಟು

2021ರ ಸೆಪ್ಟೆಂಬರ್ 1ರಂದು ಎಫ್‌ಡಿಎ ತನ್ನ ಅತಿ ಗಂಭೀರ ಎಚ್ಚರಿಕೆಯನ್ನು ವಿಸ್ತರಿಸಿತು. ಔಷಧದ ಮಾಹಿತಿ ಪತ್ರದ ತಲೆಯಲ್ಲೇ ಕಪ್ಪು ಗೆರೆಯ ಚೌಕಟ್ಟಿನೊಳಗೆ ಹಾಕುವ ಎಚ್ಚರಿಕೆ ಅದು. ಹೃದಯಾಘಾತ, ಪಾರ್ಶ್ವವಾಯು, ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆ, ಸಾವು, ಎಲ್ಲವೂ ಅದರಲ್ಲಿ ಬಂದವು. ಟೊಫಾಸಿಟಿನಿಬ್ ಜೊತೆಗೆ, ಜಾಕ್ ತಡೆಯುವ ಬೇರೆ ಎರಡು ಮಾತ್ರೆಗಳಾದ ಬ್ಯಾರಿಸಿಟಿನಿಬ್ ಮತ್ತು ಉಪಾಡಾಸಿಟಿನಿಬ್‌ಗೂ ಅದೇ ಚೌಕಟ್ಟು ಬಿತ್ತು. ಆ ಎರಡನ್ನು ಈ ಪ್ರಯೋಗದಲ್ಲಿ ಯಾರಿಗೂ ಕೊಟ್ಟಿರಲಿಲ್ಲ. ಕೆಲಸ ಮಾಡುವ ರೀತಿ ಒಂದೇ, ಆದ್ದರಿಂದ ಅಪಾಯವೂ ಒಂದೇ ಇರಬಹುದು ಎಂಬ ತರ್ಕ. ಇದಕ್ಕೆ ಎಷ್ಟೋ ವೈದ್ಯರು ಆಕ್ಷೇಪಿಸಿದರು. ನನಗೆ ಎಫ್‌ಡಿಎ ಮಾಡಿದ್ದು ಸರಿ ಅನ್ನಿಸುತ್ತದೆ. ಅಷ್ಟೇ ದೊಡ್ಡ ಪ್ರಯೋಗ ನಡೆಸಿ ಸುರಕ್ಷಿತ ಎಂದು ತೋರಿಸುವ ಹೊಣೆ ಕಂಪನಿಯದ್ದು, ರೋಗಿಯದ್ದಲ್ಲ. ಜೊತೆಗೆ ಇನ್ನೊಂದು ನಿಯಮವೂ ಬಂತು: ಕನಿಷ್ಠ ಒಂದು ಟಿಎನ್‌ಎಫ್ ಔಷಧ ಕೊಟ್ಟು ನೋಡಿ, ಅದು ಕೇಳದಿದ್ದರೆ ಅಥವಾ ಒಗ್ಗದಿದ್ದರೆ ಮಾತ್ರ ಈ ಮಾತ್ರೆಗಳು.

ಅದೇ ಪ್ರಕಟಣೆಯಲ್ಲಿ ಇನ್ನೂ ಎರಡು ಜಾಕ್ ಮಾತ್ರೆಗಳ ಹೆಸರಿದೆ. ರುಕ್ಸೊಲಿಟಿನಿಬ್ ಮತ್ತು ಫೆಡ್ರಾಟಿನಿಬ್. ಅವುಗಳಿಗೆ ಈ ಚೌಕಟ್ಟು ಹಾಕಲಿಲ್ಲ. ಅವು ಸಂಧಿವಾತದಂಥ ಕಾಯಿಲೆಗಳಿಗೆ ಕೊಡುವ ಮಾತ್ರೆಗಳಲ್ಲ. ಮೂಳೆಮಜ್ಜೆಯ ಒಂದು ಕ್ಯಾನ್ಸರಿಗೆ, ಮೈಲೋಫೈಬ್ರೋಸಿಸ್‌ಗೆ ಕೊಡುವಂಥವು. ರುಕ್ಸೊಲಿಟಿನಿಬ್ ಮಾತ್ರೆ ಟೊಫಾಸಿಟಿನಿಬ್‌ಗಿಂತ ಒಂದು ವರ್ಷ ಮೊದಲೇ, 2011ರಲ್ಲಿ ಬಂದಿತ್ತು. ಈಗ ಅದೇ ಪದಾರ್ಥದ ಮುಲಾಮು ಇದೆ. 2022ರಲ್ಲಿ ಅಮೆರಿಕದಲ್ಲಿ ತೊನ್ನಿಗೂ ಅದಕ್ಕೆ ಒಪ್ಪಿಗೆ ಸಿಕ್ಕಿತು. ಚರ್ಮಕ್ಕೆ ಹಚ್ಚುವ ಆ ಮುಲಾಮಿನ ಮೇಲೆ ಚೌಕಟ್ಟು ಇದೆ, ನುಂಗುವ ಮಾತ್ರೆಯ ಮೇಲೆ ಇಲ್ಲ! ಮೊದಲ ಸಲ ನೋಡಿದಾಗ ಗೊಂದಲ ಆಗುತ್ತದೆ. ಆದರೆ ಮಾಹಿತಿ ಪತ್ರ ಬರೆಯುವುದು ಪದಾರ್ಥಕ್ಕಲ್ಲ, ಯಾವ ಕಾಯಿಲೆಗೆ ಕೊಡುತ್ತೇವೆ ಎಂಬುದಕ್ಕೆ. ಮಜ್ಜೆಯ ಕ್ಯಾನ್ಸರ್ ಇರುವವರ ಮುಂದೆ ಇರುವ ಅಪಾಯವೇ ದೊಡ್ಡದು. ತೊನ್ನು ಜೀವ ತೆಗೆಯುವುದಿಲ್ಲ, ಅಲ್ಲಿ ಸಣ್ಣ ಅಪಾಯಕ್ಕೂ ಉತ್ತರ ಕೊಡಬೇಕು. ಸಂಧಿವಾತ ಇವೆರಡರ ನಡುವೆ ನಿಲ್ಲುತ್ತದೆ.

ಯುರೋಪಿನ ಸಂಸ್ಥೆ 2022ರ ಕೊನೆಯಲ್ಲಿ ಇದೇ ಮಾತನ್ನು ಇನ್ನೂ ಬಿಡಿಸಿ ಹೇಳಿತು. 65 ದಾಟಿದವರು, ಹೃದಯದ ಅಪಾಯ ಇರುವವರು, ಸಿಗರೇಟು ಸೇದುವವರು ಅಥವಾ ಹಿಂದೆ ತುಂಬಾ ಕಾಲ ಸೇದಿದವರು, ಕ್ಯಾನ್ಸರಿನ ಅಪಾಯ ಜಾಸ್ತಿ ಇರುವವರು. ಇವರಿಗೆ ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಜಾಕ್ ಮಾತ್ರೆ ಕೊಡಿ ಎಂದಿತು.

ನಮ್ಮ ಕಡೆಯ ಮಾತು

ಭಾರತದಲ್ಲಿ ಈಗ ಹಲವು ಕಂಪನಿಗಳು ಟೊಫಾಸಿಟಿನಿಬ್ ಮಾಡುತ್ತವೆ. ಬೆಲೆ ಇಳಿದಿದೆ. ಇದು ನಿಜವಾಗಿಯೂ ದೊಡ್ಡ ಉಪಕಾರ. ಇಂಜೆಕ್ಷನ್ ಕೊಳ್ಳಲಾಗದ ಎಷ್ಟೋ ಮನೆಗಳಲ್ಲಿ ಕೈಕಾಲು ಸೊಟ್ಟಗಾಗದೆ ಉಳಿದಿರುವುದು ಈ ಮಾತ್ರೆಯಿಂದ. ಮೊದಲು ಟಿಎನ್‌ಎಫ್, ಆಮೇಲೆ ಜಾಕ್ ಎಂಬ ಅಮೆರಿಕದ ನಿಯಮವನ್ನು ಇಲ್ಲಿ ಹಾಗೇ ಹೇಳಿದರೆ, ಬಡವರಿಗೆ ಉಳಿಯುವುದು ಸ್ಟೀರಾಯ್ಡ್ ಮಾತ್ರ. ವರ್ಷಗಟ್ಟಲೆ ಹೇಳುವವರು ಕೇಳುವವರಿಲ್ಲದೆ ನುಂಗುವ ಸ್ಟೀರಾಯ್ಡ್ ಮೂಳೆ ಟೊಳ್ಳು ಮಾಡುತ್ತದೆ, ಸಕ್ಕರೆ ಏರಿಸುತ್ತದೆ, ಬಿಪಿ ಏರಿಸುತ್ತದೆ, ಸೋಂಕು ತರುತ್ತದೆ. ಕ್ಯಾನ್ಸರಿಗೆ ಹೆದರಿ ಚಿಕ್ಕಮ್ಮ ಹೋಗಿ ಬಿದ್ದದ್ದು ಇದರೊಳಗೆ. ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಡಾಕ್ಟರು ಹೇಳಿದ ಹಾಗೆ ಇಳಿಸುತ್ತಾ ಬರಬೇಕು.

ನಮ್ಮಲ್ಲಿ ಇನ್ನೆರಡು ಸಂಗತಿ ಇವೆ. ಒಂದು ಕ್ಷಯ. ಎಷ್ಟೋ ಜನರ ಮೈಯಲ್ಲಿ ಕ್ಷಯದ ರೋಗಾಣು ಮಲಗಿರುತ್ತದೆ. ರಕ್ಷಣಾ ಪಡೆ ಸಡಿಲವಾದರೆ ಎದ್ದು ಕೂರುತ್ತದೆ. ಜಾಕ್ ಮಾತ್ರೆಗೂ ಟಿಎನ್‌ಎಫ್ ಇಂಜೆಕ್ಷನ್‌ಗೂ ಇದು ಒಂದೇ, ಶುರು ಮಾಡುವ ಮುಂಚೆ ಪರೀಕ್ಷೆ ಆಗಲೇಬೇಕು. ಇನ್ನೊಂದು ಸರ್ಪಸುತ್ತು. ಜಾಕ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಜಾಸ್ತಿ ಎಂದು ಪ್ರಯೋಗದಲ್ಲೂ ಕಂಡಿದೆ. ಸೊಂಟದ ಒಂದೇ ಬದಿಗೆ ಉರಿ, ಗುಳ್ಳೆ ಬಂದರೆ ಮಂತ್ರ ಹಾಕಿಸುವುದು, ಕೆಮ್ಮಣ್ಣು ಬಳಿಸುವುದು ಎಂದು ದಿನ ಕಳೆಯದೆ ಡಾಕ್ಟರ ಹತ್ತಿರ ಹೋಗಬೇಕು. ಮೂರು ದಿನದೊಳಗೆ ಔಷಧ ಶುರುವಾದರೆ ಹೆಚ್ಚು ಉಪಯೋಗ. ಇದಕ್ಕೆ ಲಸಿಕೆಯೂ ಈಗ ಭಾರತದಲ್ಲಿ ಸಿಗುತ್ತದೆ.

ಮತ್ತೊಂದು ಮಾತು. ನಮ್ಮ ಕಡೆ ಹೆಂಗಸರನ್ನು ಯಾರೂ ತಂಬಾಕಿನ ಬಗ್ಗೆ ಕೇಳುವುದಿಲ್ಲ. ಚಿಕ್ಕಮ್ಮ ಸಿಗರೇಟು ಮುಟ್ಟಿದವರಲ್ಲ. ಆದರೆ ನಲವತ್ತು ವರ್ಷದಿಂದ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುತ್ತಾರೆ. ಬಾಯಿ ಕ್ಯಾನ್ಸರಿನ ಅಪಾಯ ಅಲ್ಲೇ ಇದೆ. ಔಷಧ ಬರೆದ ಆಸ್ಪತ್ರೆಯಲ್ಲಿ ಎರಡು ವರ್ಷ ಈ ಪ್ರಶ್ನೆ ಬಂದಿರಲಿಲ್ಲ. ಇವರಾಗಿ ಹೇಳಿಯೂ ಇರಲಿಲ್ಲ.

ಅವರನ್ನು ಕರೆದುಕೊಂಡು ಇನ್ನೊಬ್ಬ ಸಂಧಿವಾತ ತಜ್ಞರ ಹತ್ತಿರ ಹೋದೆ. ವಯಸ್ಸು 66, ಬಿಪಿ ಇದೆ, ಹೊಗೆಸೊಪ್ಪು ಇದೆ, ನಡುನಡುವೆ ಎರಡೆರಡು ಮಾತ್ರೆ ನುಂಗಿದ್ದಿದೆ, ಈಗ ಸ್ಟೀರಾಯ್ಡ್ ನಡೆಯುತ್ತಿದೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಅವರು ಹಾಳೆ ಓದಿ, “ನೀವು ಐವತ್ತರ ಒಳಗಿದ್ದು ಇದ್ಯಾವುದೂ ಇಲ್ಲದಿದ್ದರೆ ಅದೇ ಮಾತ್ರೆ ಮುಂದುವರಿಸಿ ಅಂತಿದ್ದೆ, ಅಮ್ಮ” ಅಂದರು. ಬಾಯಿ ಪರೀಕ್ಷೆ ಮಾಡಿಸಿದರು, ಅದೃಷ್ಟಕ್ಕೆ ಏನೂ ಇರಲಿಲ್ಲ. ಕ್ಷಯದ ಪರೀಕ್ಷೆ ಪಾಸಿಟಿವ್ ಬಂತು. ಕಾಯಿಲೆ ಇಲ್ಲ, ರೋಗಾಣು ಮಲಗಿದೆ ಅಷ್ಟೇ. ಮೊದಲು ಅದು ಏಳದ ಹಾಗೆ ಮಾತ್ರೆ ಶುರು ಮಾಡಿ, ಒಂದು ತಿಂಗಳು ಕಳೆದ ಮೇಲೆ ಅಡಾಲಿಮುಮಾಬ್ ಕೊಟ್ಟರು. ಈ ಇಂಜೆಕ್ಷನ್ನಿನ ಕಡಿಮೆ ಬೆಲೆಯ ರೂಪವನ್ನು ಜಗತ್ತಿನಲ್ಲೇ ಮೊದಲು ಮಾರಿದ್ದು ಭಾರತದ ಕಂಪನಿ, 2014ರಲ್ಲಿ. ಹಾಗಿದ್ದೂ ಮಾತ್ರೆಗಿಂತ ದುಬಾರಿಯೇ. ತೆಂಗಿನ ಕಾಯಿ ಮಾರಿದ ದುಡ್ಡಲ್ಲಿ ಒಂದು ಪಾಲು ಈಗ ಅದಕ್ಕೆ ಹೋಗುತ್ತದೆ.

ಹದಿನೈದು ದಿನಕ್ಕೊಮ್ಮೆ ಮಗನೇ ಹೊಟ್ಟೆಯ ಹತ್ತಿರ ಚುಚ್ಚುತ್ತಾನೆ. ಕರೆಂಟು ಹೋದರೆ ಇರಲಿ ಎಂದು ಫ್ರಿಜ್ಜಿನ ಪಕ್ಕದಲ್ಲೇ ಐಸ್ ಡಬ್ಬಿ ಇಟ್ಟಿದ್ದಾನೆ. ಸ್ಟೀರಾಯ್ಡ್ ಇಳಿಸುತ್ತಾ ಬಂದು ಹೋದ ತಿಂಗಳು ಪೂರ್ತಿ ನಿಂತಿತು. ಹೊಗೆಸೊಪ್ಪು ಇನ್ನೂ ಬಿಟ್ಟಿಲ್ಲ, ದಿನಕ್ಕೆ ಎರಡು ಸಲಕ್ಕೆ ಬಂದಿದೆ.